ಪಾಚಿ ಮೇಡಂ ಮತ್ತು ಒಂಬತ್ತನೇ ಬಾಟ್ಲಿ

ಕೆರೆ ದಡಕ್ಕೆ ಬಿಂದಿಗೆ ಹಿಡಿದು ಹೋದರೆ ಯಾರೂ ತಲೆ ಎತ್ತಿ ನೋಡೋಲ್ಲ. ಅದೇ ಒಂದು ಸಣ್ಣ ಬಾಟ್ಲಿ ಹಿಡಿದು ಹೋಗಿ, ನೀರು ತುಂಬಿಕೊಂಡು, ಪುಸ್ತಕದಲ್ಲಿ ಏನೋ ಬರೆದುಕೊಳ್ಳಿ. ಹತ್ತು ನಿಮಿಷದಲ್ಲಿ ಹಿಂದೆ ನಾಲ್ಕು ಜನ ನಿಂತಿರುತ್ತಾರೆ. ನಾಲ್ಕು ಜನಕ್ಕೂ ನಾಲ್ಕು ಅನುಮಾನ. ನನಗಂತೂ ಎರಡು ವರ್ಷ ಪ್ರತಿ ಮಂಗಳವಾರ ಇದೇ ಪಾಡು.

ನಾನು ನಂಜನಗೂಡಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹತ್ತು ವರ್ಷದಿಂದ ಅತಿಥಿ! ನಮ್ಮ ಕಡೆ ನೆಂಟರು ಮೂರು ದಿನ ಉಳಿದರೇ ಮನೆಯವರ ಮುಖ ದಪ್ಪ ಆಗುತ್ತೆ, ಹತ್ತು ವರ್ಷ ಉಳಿದವಳ ಗತಿ ಏನು ಹೇಳಿ. ಪಿಎಚ್‌ಡಿ ಇಲ್ಲದಿದ್ದರೆ ಇನ್ನು ಮುಂದೆ ಈ ಅತಿಥಿ ಪಟ್ಟವೂ ಇಲ್ಲ ಅಂತ ಆದಾಗ, ನಲವತ್ತರ ಹೊಸ್ತಿಲಲ್ಲಿ ಮೈಸೂರಿನ ಒಬ್ಬ ಪ್ರೊಫೆಸರರ ಕೈಕೆಳಗೆ ಸೇರಿಕೊಂಡೆ. ವಿಷಯ ಪಾಚಿ. ಕಲ್ಲಿಗೆ ಅಂಟಿ ಕಾಲು ಜಾರಿಸೋ ಪಾಚಿ ಅಲ್ಲ. ನೀರಲ್ಲೇ ತೇಲಾಡಿಕೊಂಡು ಇರೋ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣೋ ಪಾಚಿ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಒಂದು ಸಣ್ಣ ಜಲಾಶಯ ಇದೆ. ಅದರಲ್ಲಿ ಈ ಪಾಚಿ ಯಾವಾಗ ಹೆಚ್ಚುತ್ತೆ, ಯಾವಾಗ ಕಮ್ಮಿ ಆಗುತ್ತೆ, ಯಾವ ಜಾತಿ ಯಾವುದನ್ನ ತುಳಿದು ಮೇಲೆ ಬರುತ್ತೆ ಅಂತ ಲೆಕ್ಕ ಇಡಬೇಕು. ಒಂದು ಥರ ಪಾಚಿಗಳ ಜನಗಣತಿ ಅನ್ನಿ.

ನಮ್ಮ ಗೈಡು ಮೊದಲನೇ ದಿನವೇ ಬೆರಳು ತೋರಿಸಿ ಹೇಳಿದ್ದರು: "ನೋಡಮ್ಮ, ಎರಡು ವರ್ಷ, ವಾರಕ್ಕೊಂದು ಬಾಟ್ಲಿ. ಒಂದೇ ಜಾಗ, ಒಂದೇ ಹೊತ್ತು. ನಡುವೆ ಕೊಂಡಿ ಕಳಚಿತೋ, ಮತ್ತೆ ಮೊದಲಿಂದ." ಮತ್ತೆ ಮೊದಲಿಂದ ಶುರು ಮಾಡೋಕೆ ನನಗೆ ವಯಸ್ಸೂ ಇಲ್ಲ, ಕಾಲೇಜಿನವರಿಗೆ ತಾಳ್ಮೆಯೂ ಇಲ್ಲ. ಅದಕ್ಕೇ ಆ ಬಾಟ್ಲಿಗಳನ್ನ ಹೆತ್ತ ಮಕ್ಕಳ ಹಾಗೆ ಕಾಪಾಡಿಕೊಂಡು ಬಂದೆ. ಕಾಪಾಡಬೇಕಾಗಿ ಬಂದಿದ್ದು ಯಾರು ಯಾರಿಂದ ಅನ್ನೋದೇ ಈ ಕಥೆ.

ಮಾಯವಾಗೋ ತಟ್ಟೆ

ನೀರು ಎಷ್ಟು ತಿಳಿಯಾಗಿದೆ ಅಂತ ನೋಡೋಕೆ ನಮ್ಮ ಹತ್ತಿರ ಒಂದು ದುಂಡು ತಟ್ಟೆ ಇರುತ್ತೆ. ಕಾಲು ಭಾಗ ಕಪ್ಪು, ಕಾಲು ಭಾಗ ಬಿಳಿ, ಮತ್ತೆ ಕಪ್ಪು, ಮತ್ತೆ ಬಿಳಿ. ಅದನ್ನ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡೋದು. ಎಷ್ಟು ಆಳಕ್ಕೆ ಹೋದಾಗ ಕಣ್ಣಿಗೆ ಕಾಣದ ಹಾಗಾಗುತ್ತೋ ಅದನ್ನ ಬರೆದುಕೊಳ್ಳೋದು. ಪಾಚಿ ಹೆಚ್ಚಿದ್ದರೆ ತಟ್ಟೆ ಬೇಗ ಮರೆಯಾಗುತ್ತೆ. ಇಷ್ಟೇ.

ನನ್ನನ್ನ ನಡುನೀರಿಗೆ ಕರೆದುಕೊಂಡು ಹೋಗುತ್ತಿದ್ದವನು ಅಲ್ಲಿನ ತೆಪ್ಪದಣ್ಣ. ಮಾತು ಕಮ್ಮಿ, ನಗು ಜಾಸ್ತಿ. ಮೊದಲನೇ ಮಂಗಳವಾರ ತಟ್ಟೆ ಇಳಿಬಿಟ್ಟು ವಾಪಸ್ ಬಂದರೆ ದಡದಲ್ಲಿ ಒಬ್ಬ ಅಜ್ಜ ಕೋಲು ಊರಿಕೊಂಡು ನಿಂತಿದ್ದ.

"ಯಾರ್ ಮ್ಯಾಲೆ ಮಾಡುಸ್ತಾ ಇದ್ದೀಯವ್ವಾ?"

"ಏನು ತಾತ?"

"ಅದೇ, ಮಾಟವ."

ನಾನು ಸಾವಧಾನವಾಗಿ ಪಾಠ ಮಾಡಿದೆ. ತಟ್ಟೆ ಕಾಣದಂತೆ ಆಗೋವರೆಗೆ ಬಿಡೋದು, ಕಾಣದೇ ಹೋದ ಮೇಲೆ ಬರೆದುಕೊಳ್ಳೋದು, ಅಷ್ಟೇ ತಾತ ಅಂದೆ. ಅಜ್ಜ ಪೂರ್ತಿ ಕೇಳಿಸಿಕೊಂಡ.

"ಮಂಗ್ಳಾರ ಬತ್ತೀಯ. ಕರೀದು ಬಿಳೀದು ತಟ್ಟೆ ತತ್ತೀಯ. ಮಾಯ ಆಗೋಗಂಟ ನೀರ್ಗೆ ಬುಡ್ತೀಯ. ಮಾಯ ಆದ್ಮೇಲೆ ಬರ್ಕೋತೀಯ. ಇನ್ನೇನವ್ವಾ ಮಾಟ ಅಂದ್ರೆ?"

ಮುಂದಿನ ವಾರ ನಾನು ತೆಪ್ಪ ಹತ್ತೋ ಜಾಗದಲ್ಲಿ ಮೂರು ನಿಂಬೆಹಣ್ಣು ಕುಯ್ದು ಕುಂಕುಮ ಹಚ್ಚಿ ಇಟ್ಟಿದ್ದರು, ನನಗೆ ಎದುರುಮಾಟ. ಊರೆಲ್ಲ ಹೆದರಿಕೊಂಡಿದೆ, ಇನ್ನು ನನ್ನ ಕೆಲಸ ಮುಗೀತು ಅಂತ ಅಳು ಬರೋ ಹಾಗಾಗಿತ್ತು. ಅಷ್ಟರಲ್ಲಿ ಒಬ್ಬಾಕೆ ಸೆರಗು ತಲೆ ಮೇಲೆ ಎಳೆದುಕೊಂಡು ಬಂದು ಪಕ್ಕದಲ್ಲಿ ನಿಂತಳು. ಅತ್ತಿತ್ತ ನೋಡಿದಳು.

"ಮೇಡಮ್ಮೋರೇ, ಎಂಗಿದ್ರೂ ಬುಡ್ತೀರಲ್ಲ. ನಮ್ ಮೈದುನನ ಎಸ್ರಲ್ಲೂ ಒಂದ್ಸಲಿ ಬುಟ್ಬುಡಿ."

ಗಣತಿ

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಒಬ್ಬ ರೈತ ಆ ಕೆಸರು ಜಾಗದಲ್ಲೇ ಸೌತೆ ಹಾಕುತ್ತಿದ್ದ. ನಾನು ಬಂದರೆ ಸಾಕು, ಗುದ್ದಲಿ ಬಿಟ್ಟು ಎದ್ದು ನಿಲ್ಲುತ್ತಿದ್ದ. ಸರ್ಕಾರದಿಂದ ಅಳೆಯೋಕೆ ಬಂದಿದ್ದೀನಿ, ಇವತ್ತಲ್ಲ ನಾಳೆ ಟೇಪು ತೆಗೀತೀನಿ ಅಂತ ಅವನ ನಂಬಿಕೆ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ.

"ಏನ್ ಲೆಕ್ಕ ಮೇಡಂ ನಿಮ್ದು?"

"ಪಾಚಿ ಎಣಿಸ್ತೀನಿ."

"ಎಷ್ಟವೆ?"

"ಒಂದು ತೊಟ್ಟು ನೀರಲ್ಲೇ ಸಾವಿರಗಟ್ಟಲೆ ಇರ್ತವೆ. ಒಂದೊಂದು ಜಾತೀದೂ ಬೇರೆ ಬೇರೆ ಎಣಿಸಬೇಕು."

ಅವನು ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡವನು ತಿರುಗಿ ಪಕ್ಕದ ಗದ್ದೆಯವನಿಗೆ ಕೂಗಿ ಹೇಳಿದ: "ಲೋ, ಕೇಳುಸ್ಕೊಂಡ್ಯೇನ್ಲಾ? ಓದ್ ಸಲಿ ಗಣತಿಗೆ ಬಂದೋರು ನಮ್ಮನೇನೇ ಬುಟ್ಬುಟ್ಟು ಓದ್ರು. ಈಗ ಪಾಚಿದು ಜಾತಿವಾರು ಎಣುಸ್ತಾರಂತೆ ಕಣ್ಲಾ!"

ಆ ಕಡೆಯವನು ನಗಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿ ಕೇಳಿದ:

"ಅವ್ಕೆ ಕಾರ್ಡು ಬಂದ್ಮೇಲೆ ನಮ್ ಅಕ್ಕಿ ಏನಾರ ಕಮ್ಮಿ ಆಯ್ತದಾ ಮೇಡಂ?"

ಈಗಿನ ಬ್ರ್ಯಾಂಡು

ಪಾಚಿಯನ್ನ ಹಾಗೇ ತಂದರೆ ದಾರಿಯಲ್ಲೇ ಕೊಳೆಯುತ್ತೆ. ಅದಕ್ಕೇ ಬಾಟ್ಲಿಗೆ ಅಯೋಡಿನ್ ಇರೋ ಒಂದು ಕಂದು ಔಷಧಿ ಹಾಕುತ್ತೇವೆ. ಹಾಕಿದ ಮೇಲೆ ನೀರು ಯಾವ ಬಣ್ಣಕ್ಕೆ ಬರುತ್ತೆ ಅಂತ ನಾನು ಹೇಳಬೇಕಾಗಿಲ್ಲ, ಕುಡಿಯುವವರಿಗೆಲ್ಲ ಗೊತ್ತಿರೋ ಬಣ್ಣ.

ಅದು ಚುನಾವಣೆ ಕಾಲ. ನಂಜನಗೂಡಿಗೆ ವಾಪಸಾಗುವಾಗ ಬಸ್ಸು ತಡೆದು ತಪಾಸಣೆ. ಬಸ್ಸಿನ ತುಂಬ ತಾಂಡ್ಯದ ಕಾರ್ಖಾನೆಗಳಿಗೆ ಪಾಳಿಗೆ ಹೋಗುವವರು, ಎಲ್ಲರಿಗೂ ಹೊತ್ತಾಗುತ್ತಿದೆ. ಪೊಲೀಸಿನವನು ನನ್ನ ಚೀಲ ತೆಗೆದ. ಒಳಗೆ ಕಂದು ನೀರಿನ ಬಾಟ್ಲಿ. ಅವನ ಕಣ್ಣು ಹೊಳೆದವು. ಸಾಹೇಬರನ್ನ ಕೂಗಿದ.

"ಏನಮ್ಮ ಇದು?" ಅಂದರು ಸಾಹೇಬರು.

"ಪಾಚಿ ಸಾರ್."

"ಪಾಚಿ ಹಸಿರಿರುತ್ತೆ. ಇದು ಕಂದು ಇದೆ."

"ಔಷಧಿ ಹಾಕಿ ಸಾಯಿಸಿದ್ದೀನಿ ಸಾರ್. ಸತ್ತ ಮೇಲೆ ಎಣಿಸೋದು. ಬದುಕಿದ್ರೆ ಕೆಲವು ಓಡಾಡ್ತವೆ, ಲೆಕ್ಕ ತಪ್ಪುತ್ತೆ."

ಸಾಹೇಬರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. ಇಂಥಾ ಸುಳ್ಳನ್ನ ಅವರ ಸರ್ವೀಸಿನಲ್ಲೇ ಕೇಳಿರಲಿಲ್ಲ ಅನ್ನಿಸುತ್ತೆ. ಕಂಡಕ್ಟರ್ ಬಾಗಿಲಿಂದ ತಲೆ ಹಾಕಿ, "ಬುಡಿ ಸಾ, ಇವ್ರು ನಮ್ ಪಾಚಿ ಮೇಡಂ. ವಾರ ವಾರ ಇದೇ ಗಾಡೀಲಿ ಬತ್ತಾರೆ" ಅಂದ. ಅದು ಇನ್ನೂ ಕೆಡಿಸಿತು.

"ಓಹೋ, ವಾರ ವಾರಾನಾ?" ಅಂದರು ಸಾಹೇಬರು. ಬಾಟ್ಲಿ ಬಿರಡೆ ತೆಗೆಸಿ ಪೊಲೀಸಿನವನ ಮೂಗಿಗೆ ಹಿಡಿಸಿದರು. ಅವನು ಕಣ್ಣು ಮುಚ್ಚಿ ಉಸಿರೆಳೆದ. ಮುಖ ಹುಳ್ಳಗೆ ಮಾಡಿದ.

"ಸಾರ್, ಆಸ್ಪತ್ರೆ ವಾಸ್ನೆ ಬತ್ತದೆ."

"ಈಗಿನ ಬ್ರ್ಯಾಂಡೆಲ್ಲ ಹಂಗೇ ಕಣಯ್ಯ," ಅಂದರು ಸಾಹೇಬರು.

ಮೀನಿನ ಊಟ

ಆ ನೀರಿನಲ್ಲಿ ಮೀನು ಹಿಡಿಯೋ ಗುತ್ತಿಗೆ ಒಬ್ಬನಿಗಿತ್ತು. ಬಿಳಿ ಶರ್ಟು, ಕಪ್ಪು ಕನ್ನಡಕ. ನನ್ನನ್ನ ಕಂಡರೆ ಅವನಿಗಾಗದು, ಅವನನ್ನ ಕಂಡರೆ ನನಗಾಗದು. ನಾನು ಯಾರದೋ ಪರವಾಗಿ ಅವನ ಮೀನು ಎಷ್ಟಿದೆ ಅಂತ ಪತ್ತೆ ಮಾಡೋಕೆ ಬಂದವಳು ಅಂತ ಅವನ ಲೆಕ್ಕ. ಅವನು ನೀರಿಗೆ ಏನೇನೋ ಸುರಿಯುತ್ತಾನೆ ಅಂತ ನನ್ನ ಲೆಕ್ಕ.

ಒಂದು ದಿನ ನನ್ನ ಬಲೆ ಕೈಗೆತ್ತಿಕೊಂಡ. ಅದು ತೆಳ್ಳನೆ ಬಟ್ಟೆಯದು, ಕಾಫಿ ಸೋಸೋ ಚೀಲದ ಹಾಗೆ, ತುದಿಯಲ್ಲಿ ಒಂದು ಪುಟ್ಟ ಬಾಟ್ಲಿ.

"ಇದ್ರಲ್ಲಿ ಯಾವ್ ಮೀನ್ ಬೀಳ್ತದೆ?"

"ಮೀನು ಬೀಳಲ್ಲ. ಪಾಚಿ ಬೀಳುತ್ತೆ."

"ಅದ್ ಯಾತಕ್ ಬರ್ತದೆ?"

"ಯಾತಕ್ಕೆ ಬರುತ್ತಾ? ಅದೇ ಎಲ್ಲಕ್ಕೂ ಮೂಲ. ನಿಮ್ಮ ಮೀನು ಬದುಕಿರೋದೇ ಅದನ್ನ ತಿಂದು," ಅಂದೆ ಜಂಬದಿಂದ. ಯಾಕಾದರೂ ಅಂದೆನೋ! ಅವನು ಕನ್ನಡಕ ತೆಗೆದ.

"ಅಂಗಾರೆ ವರ್ಷದಿಂದ ನನ್ ಮೀನಿನ್ ಬಾಯಿಂದ ಊಟ ಕಿತ್ಕೊಂಡ್ ಓಯ್ತಾ ಇದ್ದೀರಿ! ಅದ್ಕೇ ಕಣ್ರೀ ಈ ಸಲಿ ಒಂದೂ ದಪ್ಪ ಆಗಿಲ್ಲ!"

ಕಾಲು ಲೀಟರು ನೀರು ಕಣಪ್ಪ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ವಾರದಿಂದ ನಾನು ಎಣಿಸೋದು ಮುಗಿದ ಮೇಲೆ ಪಾಚಿಯನ್ನ ತಂದು ವಾಪಸ್ ನೀರಿಗೆ ಸುರಿಯಬೇಕು ಅಂತ ಪಟ್ಟು ಹಿಡಿದ. ಅದು ಸತ್ತಿರುತ್ತೆ ಅಂದೆ.

"ಸತ್ತಿದ್ರೇನು? ನಾವೇನ್ ಕೋಳಿನ ಜೀವಂತ ತಿಂತೀವಾ?"

ದೊಡ್ಡವು ಎಲ್ಲಿ?

ಎರಡನೇ ವರ್ಷದ ಬೇಸಿಗೆ. ಇನ್ನು ಇಪ್ಪತ್ತು ಚಿಲ್ಲರೆ ಬಾಟ್ಲಿ ಆದರೆ ಮುಗೀತು ಅನ್ನೋವಾಗ ನನಗೆ ಚಿಕುನ್‌ಗುನ್ಯಾ ಹಿಡಿಯಿತು. ಹಾಸಿಗೆಯಿಂದ ಎದ್ದು ನಿಂತರೆ ಮಂಡಿ ಮುರಿದ ಹಾಗೆ. ಬಸ್ಸು ಹತ್ತೋ ಮಾತೇ ಇಲ್ಲ. ಗೈಡಿಗೆ ಫೋನು ಮಾಡಿ ಅತ್ತೆ. ಅವರು ಕನಿಕರದಿಂದಲೇ ಅಂದರು: "ಆರೋಗ್ಯ ನೋಡ್ಕೋಮ್ಮ. ಆದ್ರೆ ಬಾಟ್ಲಿ ತಪ್ಪಬಾರದು."

ಉಳಿದಿದ್ದು ಒಂದೇ ದಾರಿ, ತೆಪ್ಪದಣ್ಣನ ಹೆಂಡತಿ. ಆ ಅಕ್ಕನ ಬಗ್ಗೆ ಹೇಳಲೇಬೇಕು. ಇಷ್ಟು ಹೊತ್ತು ಹೇಳಿದ ಅನುಮಾನದವರನ್ನೆಲ್ಲ ಒಂದು ತಕ್ಕಡಿಗೆ ಹಾಕಿ, ಇನ್ನೊಂದಕ್ಕೆ ಆ ಅಕ್ಕನನ್ನ ಕೂರಿಸಿದರೆ ಅಕ್ಕನ ಕಡೆಯೇ ತೂಗುತ್ತೆ. ಏಳನೇ ಕ್ಲಾಸು ಓದಿದವಳು. ಮಹಿಳಾ ಸಂಘದಲ್ಲಿ ನಡಾವಳಿ ಬರೆಯೋದು ಅವಳೇ. ಗಂಡ ಕುಡಿತ ಬಿಟ್ಟು ನಂಜುಂಡೇಶ್ವರನ ಮೇಲೆ ಆಣೆ ಇಟ್ಟು ಮೂರು ವರ್ಷವಾಗಿತ್ತು. ಆದರೂ ಅವನು ದಿನಾ ಸಂಜೆ ಹೊಸ್ತಿಲು ದಾಟೋ ಮುಂಚೆ ಬಾಯಿ ತೆರೆದು "ಹಾ" ಅಂತ ಉಸಿರು ಬಿಡಲೇಬೇಕಿತ್ತು. ದೇವರ ಮೇಲೆ ಅವಳಿಗೆ ಭಕ್ತಿ, ಗಂಡನ ಮೇಲೆ ಅನುಮಾನ. ಎರಡಕ್ಕೂ ಸಂಬಂಧ ಇಲ್ಲ.

ಫೋನಿನಲ್ಲಿ ಒಂದು ಗಂಟೆ ಹೇಳಿಕೊಟ್ಟೆ. ಅಣ್ಣನ ಜೊತೆ ತೆಪ್ಪದಲ್ಲಿ ಹೋಗಿ. ನಡುನೀರಿನ ಕಲ್ಲುಕಂಬದ ಹತ್ತಿರ ಬಾಟ್ಲಿ ತುಂಬಿ. ಔಷಧಿ ಹತ್ತು ತೊಟ್ಟು ಹಾಕಿ. ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿ.

"ಇಷ್ಟೇಯಾ? ಇದ್ರಲ್ಲಿ ಇನ್ನೇನೂ ಇಲ್ಲ ತಾನೇ? ನಾಳೆ ನಂಗ್ಯಾವ್ ತೊಂದ್ರೆನೂ ಬರಲ್ಲ ತಾನೇ?" ಅಂತ ನಾಲ್ಕು ಸಲ ಕೇಳಿದಳು. ಆಣೆ ಇಡಿಸಿಕೊಂಡಳು. ಆಮೇಲೆ ಒಪ್ಪಿದಳು.

ಎಂಟು ಮಂಗಳವಾರ, ಎಂಟು ಬಾಟ್ಲಿ, ಒಂದು ದಿನ ತಪ್ಪಲಿಲ್ಲ. ಕಾಲೇಜಿಂದ ಮನೆಗೆ ತರಿಸಿಕೊಂಡ ಸೂಕ್ಷ್ಮದರ್ಶಕವನ್ನ ಊದಿದ ಬೆರಳಲ್ಲೇ ತಿರುಗಿಸಿ ನೋಡಿದರೆ ಲೆಕ್ಕವೇ ತಲೆಕೆಳಗು. ಈ ಪಾಚಿಗಳಲ್ಲಿ ಎರಡು ಥರ ಅಂತಿಟ್ಟುಕೊಳ್ಳಿ. ಒಂದು, ಗುಂಪು ಕಟ್ಟಿಕೊಂಡು ಗಡ್ಡೆ ಗಡ್ಡೆಯಾಗಿ ತೇಲೋ ದೊಡ್ಡವು. ಇನ್ನೊಂದು, ಒಂಟಿಯಾಗಿ ಅಲೆಯೋ ಸಣ್ಣವು. ಬೇಸಿಗೆ ಬಂತೆಂದರೆ ದೊಡ್ಡವುಗಳದ್ದೇ ರಾಜ್ಯ, ನೀರು ಹಚ್ಚಗೆ ಗಟ್ಟಿಯಾಗುತ್ತೆ. ಆದರೆ ಈ ಎಂಟೂ ಬಾಟ್ಲಿಯಲ್ಲಿ ಸಣ್ಣವು ಇದ್ದ ಹಾಗೇ ಇದ್ದವು, ದೊಡ್ಡವು ಒಂದೂ ಇಲ್ಲ! ತುಂಬಿದ ಬೇಸಿಗೆಯಲ್ಲಿ!

ಗೈಡಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಅವರು ಕುರ್ಚಿಯಿಂದ ಎದ್ದು ನಿಂತರು. "ದೊಡ್ಡವನ್ನ ಮಾತ್ರ ಆರಿಸಿ ಯಾರೋ ತಿಂತಿದ್ದಾರೆ! ಯಾರೋ ಗುಟ್ಟಾಗಿ ಹೊಸ ಜಾತಿ ಮೀನು ಬಿಟ್ಟಿದ್ದಾರಮ್ಮ! ಇದು ದೊಡ್ಡ ಪೇಪರ್ರು!" ಅಂದರು. ನನಗೆ ಕಪ್ಪು ಕನ್ನಡಕ ಕಣ್ಣ ಮುಂದೆ ಬಂತು. ಅವನೇ! ನಾಲ್ಕು ಪುಟ ಬರೆದೂ ಬಿಟ್ಟೆ. ಮನುಷ್ಯನ ದುರಾಸೆಯಿಂದ ಒಂದು ಜೀವಸಮುದಾಯವೇ ಹೇಗೆ ಕುಸಿದುಬಿತ್ತು ಅಂತ, ನನಗೇ ಕಣ್ಣಲ್ಲಿ ನೀರು ಬರೋ ಹಾಗೆ.

ಸ್ವಲ್ಪ ನಡೆದಾಡೋ ಹಾಗಾದ ಕೂಡಲೆ ಹೋಗಿ ಗುತ್ತಿಗೆದಾರನನ್ನ ದಡದಲ್ಲೇ ಹಿಡಿದೆ.

"ಹೇಳಿ, ಯಾವ ಮೀನು ಬಿಟ್ಟಿದ್ದೀರಿ? ನನ್ನ ದೊಡ್ಡ ಪಾಚಿ ಎಲ್ಲಾ ಎಲ್ಲಿ?"

ಅವನು ನನ್ನನ್ನ ನೋಡಿದ, ನೀರನ್ನ ನೋಡಿದ, ನನ್ನ ಭುಜ ಹಿಡಿಯೋಕೆ ಹೋಗಿ ಸಂಕೋಚಪಟ್ಟು ಬೆರಳು ತೋರಿಸಿದ. ತಿರುಗಿ ನೋಡಿದೆ. ಜಲಾಶಯ ಪೂರಾ ಹಚ್ಚ ಹಸಿರು. ಬಸ್ಸಾರಿನ ಸೊಪ್ಪು ಬೇಯಿಸಿದ ನೀರಿನ ಹಾಗೆ ದಡಕ್ಕೆ ಗಟ್ಟಿಯಾಗಿ ಬಡಿಯುತ್ತಿತ್ತು.

"ಮೇಡಂ," ಅಂದ, ಅವತ್ತು ಮೊದಲ ಸಲ ಮೆತ್ತಗೆ, "ಜ್ವರ ಪೂರ್ತಿ ಬುಡ್ತಾ ನಿಮ್ಗೆ?"

ಅಕ್ಕನ ಬಟ್ಟೆ

ತಲೆ ತಿರುಗಿ ನೇರ ಅಕ್ಕನ ಮನೆಗೆ ಹೋಗಿ ಜಗಲಿ ಮೇಲೆ ಕುಸಿದು ಕೂತೆ. ನೀರು ಕೊಡಿ ಅಕ್ಕ ಅಂದೆ. ಅಕ್ಕ ಒಂದು ಬಿಳಿ ಬಟ್ಟೆಯನ್ನ ನಾಲ್ಕು ಮಡಿಕೆ ಮಾಡಿ ಚೊಂಬಿನ ಬಾಯಿಗೆ ಹಿಡಿದು, ನಲ್ಲಿ ನೀರನ್ನೂ ಅದರ ಮೇಲೆ ಸುರಿದು ಸೋಸಿ ಕೊಟ್ಟಳು. ಕುಡಿಯುತ್ತಾ ತಲೆ ಎತ್ತಿದರೆ, ತಂತಿಯ ಮೇಲೆ ಇನ್ನೊಂದು ಬಟ್ಟೆ ನೇತಾಡುತ್ತಿತ್ತು. ಅದರ ನಟ್ಟನಡುವೆ ದುಂಡಗೆ ಹಸಿರು ಕಲೆ.

ಚೊಂಬು ಕೆಳಗಿಟ್ಟೆ.

"ಅಕ್ಕಾ, ಅದ್ಯಾವ ಬಟ್ಟೆ?"

"ಅದಾ? ನಿಮ್ದೇ ಕಣವ್ವ. ನಿಮ್ ಬಾಟ್ಲಿ ನೀರ್ಗೆ ಅಂತ್ಲೇ ಬ್ಯಾರೆ ಮಡಗಿವ್ನಿ."

"ಸೋಸಿದ್ರಾ? ಎಂಟು ವಾರಾನೂ ಸೋಸಿದ್ರಾ?"

"ಸೋಸ್ದೆ ಕೊಟ್ಟೇನಾ? ಒಳ್ಳೆ ಕೇಳ್ತೀರಿ! ಮೈಸೂರ್ಗ್ ಓಗೋ ನೀರು. ದೊಡ್ಡ ದೊಡ್ಡೋರು ನೋಡೋ ನೀರು. ಅದ್ರಲ್ಲಿ ಅಷ್ಟೊಂದ್ ಗಲೀಜು ತೇಲ್ತಿದ್ರೆ ನಮ್ಮೂರ್ ಮಾನ ಏನಾಗ್ಬೇಕು? ನಾಕ್ ಮಡ್ಕೆ ಆಕಿ ಸೋಸಿವ್ನಿ."

ದೊಡ್ಡವೆಲ್ಲ ಬಟ್ಟೆ ಮೇಲೆ ನಿಂತಿದ್ದವು. ಸಣ್ಣವು ನುಸುಳಿ ಬಾಟ್ಲಿಗೆ ಬಂದಿದ್ದವು. ದುರಾಸೆಯ ಮೀನೂ ಇಲ್ಲ, ಕುಸಿದ ಸಮುದಾಯವೂ ಇಲ್ಲ. ಎಂಟು ವಾರ ಹೋಯಿತು. ಕೊಂಡಿ ಕಳಚಿತು. ಎರಡು ವರ್ಷದ ಕೆಲಸ, ಹತ್ತು ವರ್ಷದ ನೌಕರಿ, ಎಲ್ಲಾ ಆ ತಂತಿಯ ಮೇಲೆ ಒಣಗುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಗೊಳೋ ಅಂತ ಅತ್ತುಬಿಟ್ಟೆ.

ಅಕ್ಕ ಗಾಬರಿಯಾಗಿ ಸೆರಗಲ್ಲಿ ನನ್ನ ಮುಖ ಒರೆಸಿದಳು.

"ಅಳ್ಬ್ಯಾಡಿ ಕಣವ್ವ. ಸೋಸಿದ್ಮೇಲೆ ಬಟ್ಟೇನ ಕೆರೇಲೇ ಜಾಡ್ಸಿವ್ನಿ. ನಿಮ್ ಪಾಚಿ ಒಂದೂ ನಮ್ಮನೇಲಿ ಉಳ್ಕೊಂಡಿಲ್ಲ!"

ಒಂಬತ್ತನೇ ಬಾಟ್ಲಿ

ನಾನು ಅಳುತ್ತಲೇ ಇದ್ದೆ. ಅಕ್ಕನಿಗೆ ಅಳು ನಿಲ್ಲಿಸೋ ದಾರಿ ಕಾಣಲಿಲ್ಲ.

"ಸೋಸ್ದೇ ಇರೋದ್ ಬೇಕಿತ್ತಾ ನಿಮ್ಗೆ? ಅದೂ ಅದೆ. ಆದ್ರೆ ನೀವ್ ಕೋಪ ಮಾಡ್ಕೋಬಾರ್ದು."

ಏಣಿ ಇಟ್ಟು ಅಟ್ಟ ಹತ್ತಿದಳು. ಒಂದು ರಟ್ಟಿನ ಡಬ್ಬ ಇಳಿಸಿದಳು. ಒಳಗೆ ಸಾಲಾಗಿ ಗಾಜಿನ ಕ್ವಾರ್ಟರ್ ಬಾಟ್ಲಿಗಳು, ಗಂಡ ಕುಡಿಯೋ ಕಾಲದವು, ಕುದಿಯೋ ನೀರಲ್ಲಿ ತೊಳೆದವು. ಒಂದೊಂದರಲ್ಲೂ ಕಂದು ನೀರು. ಒಂದೊಂದರ ಕತ್ತಿಗೂ ದಾರದಲ್ಲಿ ಕಟ್ಟಿದ ಆ ದಿನದ ಕ್ಯಾಲೆಂಡರ್ ಹಾಳೆ, ತಾರೀಖು, ತಿಥಿ, ರಾಹುಕಾಲ ಸಮೇತ. ಹಾಳೆಯ ಹಿಂದೆ ಅಕ್ಕನ ದುಂಡು ಅಕ್ಷರ: "ಈ ದಿನ ಬೆಳಿಗ್ಗೆ ಕಲ್ಲುಕಂಬದ ಹತ್ತಿರ ತುಂಬಿದ ನೀರು. ಔಷಧಿ ಹತ್ತು ತೊಟ್ಟು ಹಾಕಿದೆ. ಸಾಕ್ಷಿ." ಕೆಳಗೆ ತೆಪ್ಪದಣ್ಣನ ಸಹಿ, ಪಕ್ಕದ ಮನೆಯಾಕೆಯ ಹೆಬ್ಬೆಟ್ಟು.

"ಇದೆಲ್ಲ ಯಾಕಕ್ಕ?" ಅಂದೆ.

"ನಮ್ ಮಾವನ್ ಜಮೀನ್ ಅಳ್ಯಕ್ ಬಂದೋನು ಅಳ್ದಿದ್ದೊಂದು, ಬರ್ದಿದ್ದೊಂದು," ಅಂದಳು ಅಕ್ಕ ತಲೆ ತಗ್ಗಿಸಿಕೊಂಡು. "ಅವತ್ತಿಂದ ಬುಕ್ ಇಡ್ಕೊಂಡ್ ಬಂದೋರ್ನ ನಾನ್ ನಂಬಲ್ಲ. ನಾಳೆ ನೀವು 'ಇವ್ಳು ಬೋರಿನ್ ನೀರ್ ತುಂಬವ್ಳೆ' ಅಂದ್ಬುಟ್ರೆ? ಅದ್ಕೇ ಸೋಸೋಕ್ ಮುಂಚೆ ವಸಿ ತೆಗ್ದು ಮಾಜರ್ ಮಾಡಿ ಮಡಗ್ದೆ. ನಿಮ್ ಮ್ಯಾಲೆ ಅನ್ಮಾನ ಪಟ್ಟಿದ್ಕೆ ಬ್ಯಾಸ್ರ ಮಾಡ್ಕೋಬ್ಯಾಡಿ."

ಬೇಸರವಾ! ಅಕ್ಕನನ್ನ ಅಪ್ಪಿಕೊಂಡು ಮತ್ತೆ ಅತ್ತೆ. ಲೋಕದಲ್ಲಿ ನನ್ನನ್ನ ಒಬ್ಬರಾದರೂ ನಂಬಿದ್ದರೆ ಅವತ್ತು ನಾನು ಮುಳುಗಿಹೋಗುತ್ತಿದ್ದೆ.

ಆಮೇಲೆ ಎಣಿಸಿದೆ. ಒಂಬತ್ತು ಬಾಟ್ಲಿ ಇದ್ದವು. ಒಂಬತ್ತನೆಯದಕ್ಕೆ ಹಾಳೆ ಇಲ್ಲ, ಸಾಕ್ಷಿ ಇಲ್ಲ.

"ಅದೇ ನಂಗೂ ಡೌಟು," ಅಂದಳು ಅಕ್ಕ, ದನಿ ಇಳಿಸಿ. "ಓದ್ ವಾರ ಎಣಿಸ್ದಾಗ ಎಂಟೇ ಇದ್ವು. ಮೊನ್ನೆ ನೋಡಿದ್ರೆ ಒಂಬತ್ತಾಗವೆ. ನಮ್ಮೋರ್ನ ಕೇಳಿದ್ರೆ, 'ಬೇಸ್ಗೇಲಿ ಪಾಚಿ ಒಂದಕ್ಕೆ ಎರಡಾಯ್ತವೆ ಅಂತ ಮೇಡಮ್ಮೋರೇ ಏಳ್ಲಿಲ್ವಾ, ಮರಿ ಆಕಿರ್ಬೇಕು ಕಣೆ' ಅಂತಾರೆ. ನಾನ್ ಬಿರ್ಡೆ ತೆಗ್ಯಲ್ಲ, ಸಾಕ್ಷಿ ಕೆಡ್ತದೆ. ನೀವೇ ತಕೊಂಡೋಗಿ ನಿಮ್ ಮಿಸಿನ್ನಲ್ಲಿ ನೋಡಿ, ಏನದೆ ಅಂತ ಬರ್ಕೊಡಿ. ಸೀಲ್ ಆಕ್ಸಿ."

ಮೈಸೂರಿನಲ್ಲಿ ನಮ್ಮ ಗೈಡು ಮೊದಲು ಒಪ್ಪಲೇ ಇಲ್ಲ. ಕ್ವಾರ್ಟರ್ ಬಾಟ್ಲಿ ಸಾಲು ನೋಡಿ ಬಾಗಿಲು ಹಾಕಿಸಿದರು. ಇವು ಆ ವಾರಗಳದ್ದೇ ಅಂತ ಏನು ಗ್ಯಾರಂಟಿ ಅಂದರು. ಹಾಳೆ ಒಂದೊಂದೇ ಬಿಚ್ಚಿ ಓದಿದರು. ಸಹಿಗೆ ಸಹಿ ಹೋಲಿಸಿದರು. ಸೋಸಿದ ಬಾಟ್ಲಿಯಲ್ಲಿದ್ದ ಸಣ್ಣವು, ಸಾಕ್ಷಿ ಬಾಟ್ಲಿಯಲ್ಲಿದ್ದ ಸಣ್ಣವು, ಎಂಟು ವಾರದ್ದೂ ಎರಡು ದಿನ ಕೂತು ತಾಳೆ ಹಾಕಿದರು. ತಾಳೆ ಆಯಿತು. ದೊಡ್ಡವು ಪ್ರತಿಯೊಂದರಲ್ಲೂ ಗಡ್ಡೆ ಗಡ್ಡೆಯಾಗಿ ಕೂತಿದ್ದವು. ಬೇಸಿಗೆ ಏರಿದ ಹಾಗೆ ವಾರ ವಾರ ಏರಿದ್ದವು, ಎಲ್ಲಿ ಏರಬೇಕೋ ಅಲ್ಲೇ.

"ಮೂವತ್ತು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿನೂ ಇಂಥಾ ರೆಕಾರ್ಡು ಇಟ್ಟಿಲ್ಲ," ಅಂದರು. "ಕೊಂಡಿ ಕಳಚಿಲ್ಲಮ್ಮ. ಬರಿ, ಮುಗಿಸು."

ಆಮೇಲೆ ಒಂಬತ್ತನೆಯದನ್ನ ಎತ್ತಿದರು. ಒಂದು ತೊಟ್ಟು ಹಾಕಿ ನೋಡಿದರು. ಇನ್ನೊಂದು ತೊಟ್ಟು ಹಾಕಿ ನೋಡಿದರು. ದೊಡ್ಡವಿಲ್ಲ, ಸಣ್ಣವಿಲ್ಲ, ಏನೂ ಇಲ್ಲ. ಕನ್ನಡಕ ತೆಗೆದು ಬಾಟ್ಲಿಗೆ ಮೂಗಿಟ್ಟರು. ಬಿರಡೆ ಹಾಕಿ, ಕಾಗದ ತೆಗೆದುಕೊಂಡು ತಮ್ಮ ಕೈಯಾರೆ ಬರೆದು, ಸೀಲು ಒತ್ತಿ ಕೊಟ್ಟರು: "ಮಾದರಿ ಒಂಬತ್ತು. ಜೀವಿಗಳ ಸಂಖ್ಯೆ ಸೊನ್ನೆ. ಇದು ಜಲಾಶಯದ ನೀರಲ್ಲ."

ಕಾಗದ ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಫೋನು. ತೆಪ್ಪದಣ್ಣ. ಎರಡು ವರ್ಷದಲ್ಲಿ ಅವನು ನನ್ನ ಜೊತೆ ಅಷ್ಟೊಂದು ಮಾತಾಡಿದ್ದೇ ಇಲ್ಲ.

"ಅವ್ವಾ, ನೋಡುದ್ರಾ?"

"ನೋಡಿದ್ವಿ ಅಣ್ಣ."

"ಏನೂ ಇಲ್ವಾ ಅದ್ರಲ್ಲಿ?"

"ಏನೂ ಇಲ್ಲ."

"ನಿಮ್ತಾವ ಅಷ್ಟೊಂದ್ ಪಾಚಿ ಅವಲ್ಲ ಅವ್ವಾ, ಲಕ್ಷಗಟ್ಲೆ. ಅದ್ರಲ್ಲಿ ಒಂದ್ ನಾಕು ನನ್ ಬಾಟ್ಲಿಗೂ ಬರ್ದ್ಬುಡಿ. ನಿಮ್ಗೇನ್ ಕಮ್ಮಿ ಆಯ್ತದೆ?"

ನನಗೆ ಅಯ್ಯೋ ಅನ್ನಿಸಿತು. ನನ್ನನ್ನ ಎರಡು ವರ್ಷ ನಡುನೀರಿಗೆ ಕರೆದುಕೊಂಡು ಹೋಗಿ ಬಂದ ಜೀವ. ಆದರೂ ಅಂದೆ: "ಅಣ್ಣ, ಎರಡು ವರ್ಷದಲ್ಲಿ ನಾನು ಒಂದೇ ಒಂದು ಪಾಚೀನೂ ಸುಳ್ಳು ಬರೆದಿಲ್ಲ. ಈಗ ಬರೆಯೋದು ಹೇಗೆ?"

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು.

"ಸುಳ್ ಬ್ಯಾಡ ಬುಡಿ ಅವ್ವಾ. 'ಬೋ ಚೆನ್ನಾಗಿ ಸೋಸವ್ರೆ' ಅಂತ ಬರ್ಕೊಟ್ಬುಡಿ."